ಹತ್ತು ದಿನದ ತಪ್ಪು

ಆಯಾ ಬೀರುವಿನ ಬಾಗಿಲಿಗೆ ಮೊಣಕಾಲು ಕೊಟ್ಟು ಒತ್ತಿ ಹಿಡಿದು, ಬೀಗದ ಕೈಯನ್ನು ಎರಡು ಸಲ ಸುಮ್ಮನೆ ತಿರುಗಿಸಿ, ಮೂರನೆಯ ಸಲಕ್ಕೆ ಬಾಗಿಲು ತೆಗೆದಳು.

"ಇದು ಅಕ್ಕನ ಕೈಗೆ ಮಾತ್ರ ಬಗ್ತಿತ್ತು," ಎಂದಳು. "ನಿನ್ನೆ ಅವರ ಸೊಂಟದಿಂದ ನಾನೇ ಬಿಚ್ಕೊಂಡೆ. ಬೇಗ ನೋಡಿ ಮೇಡಂ. ನಾಲ್ಕಕ್ಕೆ ಮಣ್ಣು."

ಪರಿಶೀಲನೆಗೆ ಬಂದಿದ್ದ ಹೆಂಗಸು ತನ್ನ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಹೆಗಲಲ್ಲೇ ಇಟ್ಟುಕೊಂಡಿದ್ದಳು. ತಾಯಂದಿರ ಆರೋಗ್ಯದ ಕಾರ್ಯಕ್ರಮವೊಂದು ಐದು ವರ್ಷಕ್ಕೆಂದು ಶುರುವಾಗಿ ಎರಡೂವರೆ ವರ್ಷ ಮುಗಿಸಿತ್ತು. ಅರ್ಧ ದಾರಿಯಲ್ಲಿ ನಿಂತು, ಬಂದ ದಾರಿ ಸರಿಯಿದೆಯೇ ಎಂದು ನೋಡಿ ವರದಿ ಬರೆಯುವುದು ಇವಳ ಕೆಲಸ. ಹತ್ತು ಆರೋಗ್ಯ ಕೇಂದ್ರಗಳನ್ನು ನೋಡಿಯಾಗಿತ್ತು. ಇದು ಹನ್ನೊಂದನೆಯದು, ಕೊನೆಯದು. ಇಲ್ಲಿನ ದಾದಿಯನ್ನು ಎರಡು ಗಂಟೆ ಮಾತನಾಡಿಸಬೇಕೆಂದು ಪಟ್ಟಿಯಲ್ಲಿತ್ತು. ಆ ದಾದಿ ನಿನ್ನೆ ಬೆಳಿಗ್ಗೆ ಸ್ಟವ್ ಹಚ್ಚಲು ಬಗ್ಗಿದವಳು ಮತ್ತೆ ಏಳಲಿಲ್ಲ ಎಂಬ ಸುದ್ದಿ ಇವಳಿಗೆ ತಿಳಿದದ್ದು ಕೇಂದ್ರದ ಗೇಟಿನಲ್ಲಿ. ವಾಪಸ್ ಹೋಗೋಣವೆಂದರೆ ವರದಿಗೆ ನಾಳಿದ್ದೇ ಗಡುವು. ಸತ್ತವರ ಮನೆ ಬಾಗಿಲಲ್ಲಿ ಲೆಕ್ಕ ಕೇಳಲು ಬಂದ ಹಾಗಾಯಿತಲ್ಲ ಎಂದು ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

ಆದರೆ ನಾಚಿಕೆಗಿಂತ ಕುತೂಹಲ ಅವಳಲ್ಲಿ ಯಾವಾಗಲೂ ಒಂದು ಕೈ ಮೇಲು. ಮೊದಲ ರಿಜಿಸ್ಟರ್ ಬಿಡಿಸಿದಳು, ಎರಡನೆಯದನ್ನು ಬಿಡಿಸಿದಳು, ಆಮೇಲೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ಎರಡೂವರೆ ವರ್ಷದಲ್ಲಿ ಇನ್ನೂರ ಹನ್ನೆರಡು ಹೆರಿಗೆ. ತಾಯಿ ಸತ್ತದ್ದು ಒಂದೂ ಇಲ್ಲ. ಹುಟ್ಟಿದ ಮಕ್ಕಳ ತೂಕ ಉಳಿದ ಹತ್ತು ಕೇಂದ್ರಗಳಿಗಿಂತ ಚೆನ್ನಾಗಿತ್ತು. ಎಲ್ಲ ಸರಿ. ಒಂದೇ ವಿಚಿತ್ರ: ಇಲ್ಲಿನ ಮಕ್ಕಳಿಗೆ ಹುಟ್ಟುವ ಅವಸರವೇ ಇರಲಿಲ್ಲ. ಬಸುರಿಯ ಕಾರ್ಡಿನಲ್ಲಿ ಬರೆದ ಹೆರಿಗೆಯ ತಾರೀಖು ದಾಟಿ ಎಂಟು ದಿನ, ಹನ್ನೊಂದು ದಿನ, ಒಂಬತ್ತು, ಹದಿಮೂರು. ಬೇರೆ ಎಲ್ಲ ಕಡೆ ಅರ್ಧ ಮಕ್ಕಳು ತಾರೀಖಿಗೆ ಮುಂಚೆ, ಅರ್ಧ ಆಮೇಲೆ. ಇಲ್ಲಿ ಮುಂಚೆ ಹುಟ್ಟಿದವರು ಮೂವತ್ತಮೂರೇ ಜನ. ಸರಾಸರಿ ತೆಗೆದಳು. ಹತ್ತು ದಿನ.

"ಇಲ್ಲಿನ ಮಕ್ಕಳಿಗೆ ಒಳಗೇ ಚೆನ್ನಾಗಿರುತ್ತಾ?" ಎಂದು ಕೇಳಿದಳು.

ಆಯಾ ನೆಲ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ಅಕ್ಕ ಲೆಕ್ಕದಲ್ಲಿ ಸ್ವಲ್ಪ ಹಿಂದೆ," ಎಂದಳು. "ಊರೆಲ್ಲ ಹತ್ತು ದಿನದಕ್ಕ ಅಂತಲೇ ಕರೀತಿದ್ರು."

ಅಷ್ಟು ಹೊತ್ತಿಗೆ ವೈದ್ಯಾಧಿಕಾರಿ ಬಂದ. ಇಂಥ ಐದು ಕೇಂದ್ರಗಳಿಗೆ ಅವನೊಬ್ಬನೇ ಡಾಕ್ಟರು. ಯಾವ ಕೇಂದ್ರದಲ್ಲಿದ್ದರೂ ಉಳಿದ ನಾಲ್ಕರ ಚಿಂತೆ ಮುಖದಲ್ಲಿರುತ್ತಿತ್ತು. ಒಳ್ಳೆಯವನು, ಆದರೆ ನಿಯಮವೆಂದರೆ ಜೀವ ಬಿಡುವವನು. ಕಾರ್ಯಕ್ರಮದ ನಿಯಮಗಳಲ್ಲಿ ಒಂದು ಹೀಗಿತ್ತು: ತಾರೀಖು ದಾಟಿ ಏಳು ದಿನವಾದ ಬಸುರಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಿ, ಔಷಧಿ ಕೊಟ್ಟು ನೋವು ಬರಿಸಬೇಕು. ಪರಿಶೀಲಕಿಯ ಬೆರಳು ಆ ಅಂಕಣದ ಮೇಲೆ ನಿಂತದ್ದನ್ನು ಅವನು ಕಂಡ. ಏಳು ದಿನ ದಾಟಿದವರು: ನೂರ ಇಪ್ಪತ್ತೊಂದು. ಕಳಿಸಿದವರು: ಸೊನ್ನೆ.

"ಒಬ್ಬರನ್ನೂ ಕಳಿಸಿಲ್ವಾ?" ಎಂದು ಪರಿಶೀಲಕಿಗಿಂತ ಮೊದಲು ಅವನೇ ಕೇಳಿದ. "ತಿಂಗಳ ಕೊನೆಗೆ ಅಕ್ಕ ತೋರಿಸಿದ ಕಡೆ ಸಹಿ ಹಾಕ್ತಿದ್ದೆ. ಆಯಾ, ಇವತ್ತಿಗೆ ಏಳು ದಿನ ಆದೋರು ಯಾರಾದ್ರೂ ಇದ್ದಾರಾ?"

ಒಂದು ಕಾರ್ಡು ಇತ್ತು. ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು, ಇಪ್ಪತ್ತೆರಡು ವರ್ಷ, ಚೊಚ್ಚಲು.

"ಸರಿ. ಮೂರೂವರೆಗೆ ಗಾಡಿ ತರಿಸ್ತೀನಿ. ಇವತ್ತೇ ಕಳಿಸೋಣ. ಒಬ್ಬರನ್ನಾದ್ರೂ ಕಳಿಸಿದ್ದಾರೆ ಅಂತ ಬರ್ಕೊಳ್ಳಿ ಮೇಡಂ," ಎಂದು ಅವನು ಫೋನು ತೆಗೆದುಕೊಂಡು ಹೊರಗೆ ಹೋದ.

ಆಯಾಳ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ನಿಂತಿತು. "ಅವಳಿಗಿನ್ನೂ..." ಎಂದವಳು ತುಟಿ ಕಚ್ಚಿಕೊಂಡಳು.

"ಇನ್ನೂ ಏನು?"

"ಮನೆಗೆ ಬನ್ನಿ," ಎಂದಳು ಆಯಾ. "ಹೆಂಗಸರೆಲ್ಲ ಅಲ್ಲೇ ಇದ್ದಾರೆ. ನೀವೇ ಕೇಳಿ. ಒಬ್ಬೊಬ್ಬರನ್ನೇ ಕೇಳಿ, ಜೊತೇಲಿ ಕೇಳ್ಬೇಡಿ."

* * *

ದಾದಿಯ ಮನೆ ಎರಡು ಬೀದಿ ಆಚೆ. ಮುಂದೆ ಅಂಗೈಯಗಲ ಅಂಗಳ, ಒಳಗೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಗಂಡಸರು ಅಂಗಳದಲ್ಲಿ, ಹೆಂಗಸರು ಅಡುಗೆಮನೆಯಲ್ಲಿ, ನಡುವೆ ಅವಳು ಬಿಳಿ ಸೀರೆಯಲ್ಲಿ ಮಲಗಿದ್ದಳು. ಕಾರ್ಖಾನೆಯ ಟೈಂಕೀಪರ್ ಕಂಪನಿಯ ಪರವಾಗಿ ಹೂಗುಚ್ಛ ತಂದು, ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಎದೆಗವಚಿಕೊಂಡು ನಿಂತಿದ್ದ. ಯಾರು ಯಾವತ್ತು ಕೆಲಸಕ್ಕೆ ಬಂದರು, ಯಾರಿಗೆ ಯಾವತ್ತಿನಿಂದ ರಜೆ ಎಂದು ಬರೆದಿಡುವವನು ಅವನೇ.

ದಾದಿಯ ಗಂಡ ನಿವೃತ್ತ ಕಂಡಕ್ಟರ್. ಅಳುವುದನ್ನು ಬೆಳಿಗ್ಗೆಯೇ ಮುಗಿಸಿದ್ದ. ಈಗ ಬಂದವರನ್ನೆಲ್ಲ ಕೂರಿಸಿ ಮಾತಾಡುತ್ತಿದ್ದ, ಬಸ್ಸಿನಲ್ಲಿ ಜಾಗ ಮಾಡಿಕೊಡುವವನ ಹಾಗೆ.

"ಮೂವತ್ತಮೂರು ವರ್ಷ ಸರ್ವೀಸು," ಎಂದ ಪರಿಶೀಲಕಿಗೆ. "ಔಷಧಿ ತಿಳೀತಿತ್ತು, ಕೈಗುಣ ಇತ್ತು. ತಾರೀಖೊಂದು ಮಾತ್ರ ತಲೆಗೆ ಹತ್ತಲಿಲ್ಲ ನೋಡಿ. ನಾನೇ ಕ್ಯಾಲೆಂಡರ್ ತಂದು ಹೇಳಿಕೊಡ್ತೀನಿ ಅಂದೆ. ನೀನು ಟಿಕೆಟ್ ಹರಿ ಸಾಕು ಅಂದ್ಳು."

ಗಂಡಸರು ಮೆಲ್ಲಗೆ ನಕ್ಕರು. "ನಮ್ಮನೆಯವಳಿಗೂ ಹಂಗೇ," ಎಂದ ಒಬ್ಬ. "ತಾರೀಖು ಬಂತು ಅಂತ ನಾನು ಕೆಲಸಕ್ಕೆ ಚಕ್ಕರ್ ಹಾಕಿ ಕೂತ್ರೆ, ಹನ್ನೆರಡು ದಿನ ಕೂರಿಸಿದ್ಲು!" ಟೈಂಕೀಪರನೂ ನಕ್ಕ. ಅಡುಗೆಮನೆಯ ಹೆಂಗಸರು ನಗಲಿಲ್ಲ. ಇದನ್ನು ಪರಿಶೀಲಕಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಗುಂಡಿ ಹೊಲಿಯುವವಳು ಒಳಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಗಾಡಿಯ ಸುದ್ದಿ ಅವಳನ್ನು ಮುಟ್ಟಿತ್ತು. ಪಕ್ಕದಲ್ಲಿ ಅತ್ತೆ.

"ಏಳು ದಿನ ಆದ್ರೂ ಒಂದು ನೋವಿಲ್ಲ, ನುಲಿತವಿಲ್ಲ," ಎನ್ನುತ್ತಿದ್ದಳು ಅತ್ತೆ. "ಹೋಗಲೇಬೇಕು ಅಂದ್ರೆ ಹೋಗ್ಬೇಕಪ್ಪ. ಮಗು ಮುಖ್ಯ."

"ಅಲ್ಲಿ ಹೋದೋರನ್ನೆಲ್ಲ ಕೊಯ್ದು ಕಳಿಸ್ತಾರಂತೆ," ಎಂದಳು ಹುಡುಗಿ. "ಕೊಯ್ಸ್ಕೊಂಡು ಬಂದ್ಮೇಲೆ ಮೆಷಿನ್ ಮುಂದೆ ನಿಲ್ಲೋಕಾಗುತ್ತಾ ನಂಗೆ? ಅಕ್ಕ ಇದ್ದಿದ್ರೆ ಬೇಡ ಅಂತಿದ್ರು."

ಪರಿಶೀಲಕಿಗೆ ಗೊತ್ತಿತ್ತು, ಹುಡುಗಿಯ ಮಾತು ಪೂರ್ತಿ ಸುಳ್ಳಲ್ಲ. ಸಮಯ ಬಾರದ ಮೈಯನ್ನು ಔಷಧಿಯಿಂದ ಎಬ್ಬಿಸಿದರೆ ಎಷ್ಟೋ ಸಲ ಅದು ಏಳುವುದಿಲ್ಲ. ಕಡೆಗೆ ಹೊಟ್ಟೆ ಕೊಯ್ಯುವುದೇ ಉಳಿಯುತ್ತದೆ. ಆ ದೊಡ್ಡಾಸ್ಪತ್ರೆಯಲ್ಲಿ ಹಾಗೆ ಮೂವರಲ್ಲಿ ಒಬ್ಬಳು. ಅಂಕಿ ಅವಳ ಚೀಲದಲ್ಲೇ ಇತ್ತು. ಆದರೆ ತಾರೀಖು ನಿಜವಾಗಿದ್ದರೆ, ತಡ ಮಾಡುವುದೂ ಅಪಾಯವೇ. ಎಲ್ಲವೂ ಒಂದು ತಾರೀಖಿನ ಮೇಲೆ ನಿಂತಿತ್ತು, ಬರೆದವಳು ಬಿಳಿ ಸೀರೆಯಲ್ಲಿ ಮಲಗಿದ್ದಳು. ಗಂಟೆ ಎರಡಾಗಿತ್ತು.

ಅವಳು ಕೇಳಲು ಶುರು ಮಾಡಿದಳು.

ಮೊದಲನೆಯವಳು ಪಕ್ಕದ ಮನೆಯ ದರ್ಜಿಯ ಹೆಂಡತಿ. ಪ್ರಶ್ನೆ ಮುಗಿಯುವ ಮೊದಲೇ ಪರಿಶೀಲಕಿಯ ಕೈ ಹಿಡಿದು ಹಿತ್ತಲಿನ ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋದಳು. "ತಪ್ಪಲ್ಲ ಅದು. ಬೇಕಂತಲೇ ಹತ್ತು ದಿನ ಹಿಂದಕ್ಕೆ ಬರೆದಿದ್ರು. ನಮ್ಮತ್ತೆ, ತಾರೀಖು ಬರೋತನಕ ನೀರು ಹೊರಿಸ್ತಿದ್ರು. ತಾರೀಖು ಬಂದ ದಿನ ಕೊಡ ಕೆಳಗಿಟ್ಟೆ, ಆಮೇಲೆ ಹತ್ತು ದಿನ ಮಲಗಿದೆ. ಮಗು ಹುಟ್ಟಿದ ಮೇಲೆ ಕಿವೀಲಿ ಹೇಳಿದ್ರು. ಯಾರಿಗೂ ಹೇಳ್ಬೇಡಿ, ನಂಗೊಬ್ಳಿಗೇ ಮಾಡಿದ್ದು."

ಎರಡನೆಯವಳು ಬ್ರೆಡ್ಡಿನ ಅಂಗಡಿಯವಳು. ಮೆಟ್ಟಿಲ ಕೆಳಗೆ ನಿಂತು, "ಸಾಯೋವರೆಗೂ ಬಾಯಿ ಬಿಡ್ಬೇಡ ಅಂದಿದ್ರು. ಯಾರು ಸಾಯೋವರೆಗೂ ಅಂತ ಹೇಳಿರ್ಲಿಲ್ಲ. ಈಗ ಹೇಳ್ಬಹುದೇನೋ," ಎಂದಳು. ಅವಳಿಗೂ ಹತ್ತು ದಿನ. ಅವಳೊಬ್ಬಳಿಗೇ.

ಮೂರನೆಯವಳು ದಾದಿಯ ಸ್ವಂತ ಮಗಳು. ಅತ್ತು ಅತ್ತು ಕಣ್ಣು ಊದಿತ್ತು. "ಹೊಟ್ಟೇಲಿ ಹುಟ್ಟಿದ ಮಗಳು ಅಂತ ನಿಯಮ ಮುರೀತಿದ್ದೀನಿ ಅಂದ್ಲು ಅಮ್ಮ. ಬೇರೆ ಯಾರಿಗೂ ಮಾಡಿಲ್ಲ ಅಂದ್ಲು," ಎಂದಳು.

ಐದನೆಯವಳ ಹೊತ್ತಿಗೆ ಅಡುಗೆಮನೆಗೆ ಅನುಮಾನ ಬಂತು. ಹೋದವರೆಲ್ಲ ಒಂದೇ ಥರದ ಮುಖ ಹೊತ್ತು ವಾಪಸ್ ಬರುತ್ತಿದ್ದರು. ದರ್ಜಿಯ ಹೆಂಡತಿ ಬ್ರೆಡ್ಡಿನವಳನ್ನು ನೋಡಿದಳು, ಬ್ರೆಡ್ಡಿನವಳು ಮಗಳನ್ನು ನೋಡಿದಳು.

"ನಿಂಗೂನಾ?"

"ಅಯ್ಯೋ, ನಿಂಗೂನಾ?"

"ಇಪ್ಪತ್ತು ವರ್ಷದಿಂದ ನನ್ನೊಬ್ಬಳ ಮೇಲೆ ಜೀವ ಅಂದ್ಕೊಂಡಿದ್ದೆ ಕಣೇ!" ಎಂದು ದರ್ಜಿಯ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ಗೊತ್ತಿರಲಿಲ್ಲ. ಮಗಳಂತೂ ಸತ್ತ ತಾಯಿಯ ಮೇಲೆ ಒಂದು ಗಳಿಗೆ ನಿಜವಾಗಿ ಮುನಿಸಿಕೊಂಡಳು. ನಲ್ಲಿಯ ಬಳಿ ಲೋಟ ತೊಳೆಯುತ್ತಿದ್ದ ಡಾಕ್ಟರ ಹೆಂಡತಿಯನ್ನೂ ಪರಿಶೀಲಕಿ ಕೇಳಿದಳು. ಅವಳು ಶಾಲೆಯ ಟೀಚರು, ಕಂಕುಳಲ್ಲಿ ಒಂದು ವರ್ಷದ ಮಗಳು, ಎರಡನೆಯವಳು.

"ನಂಗೇನೂ ನೆನಪಿಲ್ಲ," ಎಂದು ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಗುಂಡಿ ಹೊಲಿಯುವವಳ ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳದೂ ಮೂರು ಹೆರಿಗೆ, ಮೂರಕ್ಕೂ ಅಕ್ಕನೇ. "ನಾನೂ ನಂಗೊಬ್ಳಿಗೇ ಅಂದ್ಕೊಂಡಿದ್ದೆ," ಎಂದಳು ನಿಧಾನವಾಗಿ. ಆಮೇಲೆ ತಿರುಗಿ ಸೊಸೆಯನ್ನು ನೋಡಿದಳು. "ಹಾಗಾದ್ರೆ ಇವಳಿಗೆ?"

* * *

ಮೂವತ್ತೊಂದು ವರ್ಷದ ಹಿಂದೆ ಅದೇ ಕಾರ್ಖಾನೆಯ ಇಸ್ತ್ರಿ ವಿಭಾಗದ ಒಬ್ಬಳು ಕೇಂದ್ರಕ್ಕೆ ಬಂದಿದ್ದಳು. ದಾದಿಗೆ ಆಗ ಇಪ್ಪತ್ತೇಳು. ಬಸುರಿಯ ಕಾಲಿನಲ್ಲಿ ಬೆರಳೊತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ರಕ್ತದ ಒತ್ತಡವೂ ಸ್ವಲ್ಪ ಏರಿತ್ತು. ದಾದಿ ಕಾರ್ಡಿನಲ್ಲಿ 'ವಿಶ್ರಾಂತಿ' ಎಂದು ಬರೆದಳು.

"ಅದನ್ನ ಅಲ್ಲಿ ಯಾರೂ ಓದಲ್ಲ ಸಿಸ್ಟರ್," ಎಂದಳು ಬಸುರಿ. "ತಾರೀಖು ಮಾತ್ರ ನೋಡ್ತಾರೆ. ತಾರೀಖಿಗೆ ಮೂವತ್ತು ದಿನ ಇದ್ದಾಗ ರಜೆ. ನಂಗಿನ್ನೂ ಒಂಬತ್ತು ದಿನ ನಿಲ್ಬೇಕು. ಒಂದು ಹತ್ತು ದಿನ ಹಿಂದಕ್ಕೆ ಬರೆದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ತಾರೀಖು ತಾರೀಖೇ," ಎಂದಳು ದಾದಿ. ತರಬೇತಿಯಲ್ಲಿ ಅವಳ ಬರಹಕ್ಕೆ ಬಹುಮಾನ ಬಂದಿತ್ತು. "ನಾನು ಸುಳ್ಳು ಬರೆಯೋದಿಲ್ಲ."

ಏಳನೆಯ ದಿನ ಇಸ್ತ್ರಿ ಮೇಜಿನ ಮುಂದೆ ನಿಂತಲ್ಲೇ ಆ ಹೆಂಗಸಿಗೆ ನೆತ್ತರು ಹೋಗತೊಡಗಿತು. ತಳ್ಳುಗಾಡಿಯಲ್ಲಿ ಕೇಂದ್ರಕ್ಕೆ ತಂದರು. ತಾಯಿ ಉಳಿದಳು. ಮಗು ಗಂಡಾಗಿತ್ತು, ಉಸಿರಾಡಲಿಲ್ಲ. ಮಗು ಹೋದದ್ದು ಆ ತಾರೀಖಿನಿಂದಲೇ ಎಂದು ಯಾವ ಡಾಕ್ಟರೂ ಹೇಳುತ್ತಿರಲಿಲ್ಲ. ದಾದಿ ಮಾತ್ರ ಹಾಗೆಂದು ನಂಬಿದಳು, ಕೊನೆತನಕ ನಂಬಿಯೇ ಇದ್ದಳು. ಎರಡು ತಿಂಗಳಾದ ಮೇಲೆ ಅವಳು ಆ ಹೆಂಗಸಿನ ಮನೆಗೆ ಹೋಗಿ, ಕೇಂದ್ರದಲ್ಲಿ ಆಯಾ ಕೆಲಸ ಖಾಲಿಯಿದೆ, ಬರುತ್ತೀಯಾ ಎಂದು ಕೇಳಿದಳು. ಬಂದ ಮೊದಲ ವಾರ, ಒಬ್ಬ ಬಸುರಿಯ ಕಾರ್ಡು ಬರೆಯುವಾಗ, ಪೆನ್ನು ಒಂದು ನಿಮಿಷ ತಡೆದು ನಿಂತದ್ದನ್ನು ಆಯಾ ನೋಡಿದಳು. ಆಮೇಲೆ ಪೆನ್ನು ಎಂದೂ ತಡೆಯಲಿಲ್ಲ.

ಚೊಚ್ಚಲಿನವರಿಗೆ ಮೊದಲೇ ಹೇಳುತ್ತಿರಲಿಲ್ಲ. ಅವರಿಗೆ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುತ್ತಿದ್ದಳು.

ಎರಡೂವರೆ ವರ್ಷದ ಹಿಂದೆ, ಕಾರ್ಯಕ್ರಮ ಶುರುವಾದಾಗ, ತರಬೇತಿಯ ಹಾಲಿನಲ್ಲಿ ಏಳು ದಿನದ ನಿಯಮವನ್ನು ಪರದೆಯ ಮೇಲೆ ತೋರಿಸಿದರು. ದಾದಿ ಕೈ ಎತ್ತಿ, "ತಾರೀಖೇ ಸರಿಯಿಲ್ಲದಿದ್ರೆ?" ಎಂದು ಕೇಳಿದಳು. ತರಬೇತಿ ಕೊಡುವವನು, "ತಾರೀಖು ಬರೆಯೋರು ನೀವೇ ಅಲ್ವೇನಮ್ಮಾ?" ಎಂದ. ಹಾಲು ಹಾಲೇ ನಕ್ಕಿತು. ಅಂದಿನಿಂದ ಏಳು ದಿನ ದಾಟಿದ ಪ್ರತಿಯೊಬ್ಬಳ ಮನೆಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಾನೇ ನಡೆದು ಹೋಗಿ, ಹೊಟ್ಟೆಗೆ ಕಿವಿ ಕೊಟ್ಟು ಮಗುವಿನ ಎದೆಬಡಿತ ಕೇಳಿ ಬರುತ್ತಿದ್ದಳು. ಐವತ್ತೆಂಟರ ಮೈ, ಮೆಟ್ಟಿಲು ಹತ್ತಿದರೆ ಏದುಸಿರು. ತನ್ನ ಎದೆಬಡಿತವನ್ನು ಯಾರಿಗೂ ತೋರಿಸಲಿಲ್ಲ.

* * *

ಇಷ್ಟನ್ನೂ ಆಯಾ ಹಿತ್ತಲಲ್ಲಿ ನಿಂತು ಹೇಳಿ ಮುಗಿಸಿದಳು. ಪರಿಶೀಲಕಿ ಒಳಗೆ ಹೋಗಿ ಗುಂಡಿ ಹೊಲಿಯುವವಳ ಎದುರು ಕುಕ್ಕರಗಾಲಲ್ಲಿ ಕೂತು, ಕೊನೆಯ ಸಲ ಮುಟ್ಟಾದದ್ದು ಯಾವತ್ತೆಂದು ಕೇಳಿದಳು.

"ತಂಗಿ ನಿಶ್ಚಿತಾರ್ಥದ ದಿನ," ಎಂದಳು ಹುಡುಗಿ. "ಹೊಸ ಸೀರೆ ಕೆಟ್ಟೋಯ್ತು. ಮರೆಯೋಕಾಗುತ್ತಾ?"

ತಾರೀಖು ಹೇಳಿದಳು. ಕಾರ್ಡಿನಲ್ಲಿದ್ದದ್ದು ಅದಕ್ಕಿಂತ ಸರಿಯಾಗಿ ಹತ್ತು ದಿನ ಹಿಂದಿನದು. ಅಂದರೆ ಅವಳ ದಿನ ದಾಟಿರಲೇ ಇಲ್ಲ. ಇನ್ನೂ ಮೂರು ದಿನ ಬಾಕಿ ಇತ್ತು. ಬೆಳಿಗ್ಗೆ ಪರಿಶೀಲಕಿ ತನ್ನ ನಮೂನೆಯಲ್ಲಿ 'ಸಿಬ್ಬಂದಿಗೆ ದಿನಾಂಕ ಲೆಕ್ಕ ಹಾಕಲು ಬಾರದು' ಎಂದು ಬರೆದಿದ್ದಳು. ಈಗ ಅದನ್ನು ಹೊಡೆದುಹಾಕಿದಳು. ಅದರ ಜಾಗವನ್ನು ಖಾಲಿ ಬಿಟ್ಟಳು.

ಗಾಡಿ ಮೂರು ಇಪ್ಪತ್ತಕ್ಕೇ ಬಂತು. ಬೇಡವೆಂದ ದಿನವೇ ಸರಕಾರಿ ಗಾಡಿ ಹೊತ್ತಿಗೆ ಮುಂಚೆ ಬರುತ್ತದೆ. ಡಾಕ್ಟರು ಚೀಟಿ ಬರೆದಿಟ್ಟುಕೊಂಡಿದ್ದ. ಪರಿಶೀಲಕಿ ಅವನನ್ನು ಗೇಟಿನ ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಎಲ್ಲ ಹೇಳಿದಳು. ಅವನ ಮುಖ ಕೆಂಪಾಯಿತು, ಆದರೆ ಸಾವಿನ ಮನೆಯೆಂದು ಅವನೂ ದನಿ ಏರಿಸಲಿಲ್ಲ.

"ಮೂವತ್ತಮೂರು ವರ್ಷ ಅನುಭವ ಇದ್ದೋರು ಬೇಕಂತ ಸುಳ್ಳು ತಾರೀಖು ಬರೀತಾರಾ? ಅದೂ ಇವತ್ತು, ಅವರ ಹೆಣದ ಮುಂದೆ ಹೇಳ್ತೀರಲ್ಲ!"

"ಲೆಕ್ಕ ನೋಡಿ ಡಾಕ್ಟ್ರೇ. ಇನ್ನೂರ ಹನ್ನೆರಡು ಜನ."

"ಲೆಕ್ಕ ಇನ್ನೂರು ಜನದ್ದು. ನನ್ನ ಮುಂದಿರೋದು ಒಬ್ಬಳು. ಅವಳು ಹೇಳೋದು ಒಂದು, ಕಾರ್ಡು ಹೇಳೋದು ಒಂದು. ಕಾರ್ಡೇ ಸರಿ ಇದ್ದು, ನಾನು ತಡೆದು, ಮಗುಗೆ ಏನಾದ್ರೂ ಆದ್ರೆ? ಒಬ್ಬರಾದ್ರೂ ಬಂದು ನನ್ನೆದುರಿಗೆ ಹೇಳ್ಲಿ, ಹೌದು, ನಂಗೆ ಹಾಗೆ ಬರೆದಿದ್ರು ಅಂತ. ಕೇಳ್ತೀನಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಹೆಂಗಸರು ಬಾಗಿಲ ತನಕ ಬಂದಿದ್ದರು. ಅವರಿಗೂ ಡಾಕ್ಟರಿಗೂ ನಡುವೆ, ಅಂಗಳದಲ್ಲಿ, ಟೈಂಕೀಪರ್ ನಿಂತಿದ್ದ. ಅವರಲ್ಲಿ ಅರ್ಧ ಜನ ಅವನ ಪುಸ್ತಕದಲ್ಲಿ ಇದ್ದವರು, ಉಳಿದವರ ಸೊಸೆ ಮಗಳಂದಿರು ಇದ್ದರು. ಇಲ್ಲಿ ಬಾಯಿ ಬಿಟ್ಟರೆ ನಾಳೆಯಿಂದ ಯಾವ ಕಾರ್ಡನ್ನೂ ಕಾರ್ಖಾನೆ ನಂಬುವುದಿಲ್ಲ. ದರ್ಜಿಯ ಹೆಂಡತಿ ಟೈಂಕೀಪರನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತೆ ಸೊಸೆಯ ಮುಂದೆ ಅಡ್ಡ ನಿಂತಳು.

"ಹತ್ತಮ್ಮಾ," ಎಂದ ಡಾಕ್ಟರು ಹುಡುಗಿಗೆ, ಮೆತ್ತಗೆ.

ಆಗ ಡಾಕ್ಟರ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅಂಗಳಕ್ಕೆ ಇಳಿದು ಬಂದಳು. ಮಗುವನ್ನು ಗಂಡನ ತೋಳಿಗೆ ದಾಟಿಸಿದಳು.

"ರೀ, ಒಂದು ಮಾತು. ಇವಳು ಹುಟ್ಟಿದ್ದು ತಾರೀಖು ದಾಟಿ ಎಷ್ಟನೇ ದಿನಕ್ಕೆ?"

"ಈಗ್ಯಾಕೆ ಅದು? ಹನ್ನೊಂದು."

"ಏಳನೇ ದಿನ ನನ್ನ ಯಾಕೆ ಕಳಿಸ್ಲಿಲ್ಲ?"

"ಅಕ್ಕ ಬೇಡ ಅಂದ್ರು. ಎರಡು ಹೊತ್ತೂ ಬಂದು ನೋಡ್ತೀನಿ, ತಡೀರಿ ಅಂದ್ರು."

"ಅಷ್ಟು ದಿನ ನಾನು ಏನ್ ಮಾಡ್ತಿದ್ದೆ?"

"ಮಲಗಿದ್ದೆ. ಅದಕ್ಕೆ ಮುಂಚೆ ಕ್ಲಾಸಲ್ಲಿ ನಿಂತು ನಿಂತು ಸೊಂಟ ಬಿದ್ದೋಗಿದೆ ಅಂತಿದ್ದೆ." ಅವನ ದನಿ ಯಾಕೋ ನಿಧಾನವಾಯಿತು.

"ನನ್ನ ಕಾರ್ಡಿಗೆ ತಾರೀಖು ಲೆಕ್ಕ ಹಾಕಿದ್ದು ಯಾರು?"

"ನಾನೇ. ನೀನು ಮುಟ್ಟಿನ ದಿನ ಹೇಳಿದೆ, ನಾನು ಲೆಕ್ಕ ಹಾಕಿದೆ."

"ಹೂಂ," ಎಂದಳು ಅವಳು. "ನಾನು ಹೇಳಿದೆ. ಹೇಗೆ ಹೇಳ್ಬೇಕು ಅಂತ ಅಕ್ಕ ಹೇಳ್ಕೊಟ್ಟಿದ್ರು." ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ.

ಟೈಂಕೀಪರ್ ಗಂಡಹೆಂಡಿರ ಜಗಳವೆಂದುಕೊಂಡು ಮರ್ಯಾದೆಯಿಂದ ಆಚೆ ತಿರುಗಿ ನಿಂತ. ಡಾಕ್ಟರು ಮಗುವನ್ನು ಹೆಗಲಿಗೆ ಹಾಕಿಕೊಂಡು, ಬಿಡುವಾದ ಕೈಯಲ್ಲಿ ಹೆಬ್ಬೆರಳನ್ನು ಒಂದೊಂದೇ ಗೆಣ್ಣಿನ ಮೇಲೆ ಸರಿಸುತ್ತಾ ಎಣಿಸತೊಡಗಿದ. ಹತ್ತಕ್ಕೆ ನಿಲ್ಲಿಸಿದ. ಮತ್ತೆ ಮೊದಲಿನಿಂದ ಎಣಿಸಿದ. ಆಮೇಲೆ ಒಳಗೆ ಮಲಗಿದ್ದವಳ ಕಡೆ ಒಂದು ಸಲ ನೋಡಿದ. ಸಿಟ್ಟಿತ್ತು ಆ ನೋಟದಲ್ಲಿ, ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ.

"ಗಾಡಿ ಬೇಡ," ಎಂದು ಡ್ರೈವರಿಗೆ ಹೇಳಿದ. "ನಡೆಯೋಕಾಗದ ವಯಸ್ಸಾದೋರನ್ನ ಸ್ಮಶಾನದ ತನಕ ಬಿಟ್ಟು ಹೊರಡು." ಆಯಾಳ ಹತ್ತಿರ ಬಂದು, "ಬೀರುವಿನಲ್ಲಿ ಇನ್ನೆಷ್ಟು ಕಾರ್ಡಿವೆ?" ಎಂದ.

"ಹದಿಮೂರು."

"ನಾಳೆ ಬೆಳಿಗ್ಗೆ ಕೇಂದ್ರದ ಬಾಗಿಲು ಹಾಕ್ಕೊಂಡು ಕೂರೋಣ. ಒಬ್ಬೊಬ್ಬರನ್ನೇ ಕರೆಸಿ ಕೇಳೋಣ. ಮೇಡಂ, ನೀವೂ ಇರ್ಬೇಕು."

"ಇರ್ತೀನಿ," ಎಂದಳು ಪರಿಶೀಲಕಿ. ನಾಳಿದ್ದಿನ ಗಡುವು ಅವಳಿಗೆ ನೆನಪಿತ್ತು. ಒಂದೆರಡು ದಿನ ತಡವಾಗುತ್ತದೆ ಎಂದು ಬರೆದು ಕಳಿಸಿದರಾಯಿತು.

ನಾಲ್ಕಕ್ಕೆ ದಾದಿಯನ್ನು ಎತ್ತಿದರು. ಕಂಡಕ್ಟರ್ ಮುಂದೆ ನಡೆದ. ಮಗಳು, ಆಯಾ, ಡಾಕ್ಟರು, ಕೊನೆಗೂ ಹೂಗುಚ್ಛಕ್ಕೆ ಜಾಗ ಕಂಡುಕೊಂಡ ಟೈಂಕೀಪರ್, ಬೀದಿಯ ಜನವೆಲ್ಲ ಹಿಂದೆ ಹೋದರು. ಗಾಡಿ ತುಂಬ ಮುದುಕಿಯರನ್ನು ಹೇರಿಕೊಂಡು ಡ್ರೈವರು ನಿಧಾನವಾಗಿ ಅವರ ಹಿಂದೆ ಹೊರಟ. ಮನೆ ಒಮ್ಮೆಲೇ ಖಾಲಿಯಾಯಿತು.

ಗುಂಡಿ ಹೊಲಿಯುವವಳೂ ಹೊರಡಲೆಂದು ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. ಅತ್ತೆ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಸತ್ತವಳನ್ನು ಮಲಗಿಸಿದ್ದ ಹಲಗೆಯ ಕೆಳಗೆ ಆಸರೆಗೆಂದು ಇಟ್ಟಿದ್ದ ಎರಡು ಕುರ್ಚಿ ಕೋಣೆಯ ನಡುವೆ ಎದುರುಬದುರಾಗಿ ಉಳಿದಿದ್ದವು. ಅತ್ತೆ ಅವನ್ನು ಕಿಟಕಿಯ ಕಡೆ, ಗಾಳಿ ಬರುವಲ್ಲಿಗೆ ಎಳೆದಳು. ಒಂದರಲ್ಲಿ ಸೊಸೆಯನ್ನು ಕೂರಿಸಿ, ಬಗ್ಗಿ, ಅವಳ ಊದಿದ ಕಾಲುಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಎತ್ತಿ ಇನ್ನೊಂದರ ಮೇಲೆ ಇಟ್ಟಳು.